ಬ್ಯಾಟು ಕೈಬಿಡದ ಸ್ಟೋರ್‌ಕೀಪರ್

ಇಂಥವೆಲ್ಲ ನನ್ನ ಕಣ್ಣೆದುರೇ ಏಕೆ ನಡೆಯುತ್ತವೆ ಎಂದು ಯೋಚಿಸುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಎಂಬತ್ತರ ದಶಕದಲ್ಲಿ ನಾನು ಮಸ್ಕತ್ತಿನ ಒಂದು ಕಂಪೆನಿಯ ಪರ್ಸನಲ್ ವಿಭಾಗದಲ್ಲಿ ಗುಮಾಸ್ತನಾಗಿದ್ದೆ. ಪರ್ಸನಲ್ ವಿಭಾಗವೆಂದರೆ ಜನರ ರಜೆ, ವೀಸಾ, ಜ್ವರ, ಜಗಳ ಎಲ್ಲವೂ ಬಂದು ಬೀಳುವ ಮೇಜು. ಆ ಮೇಜಿನ ಮೇಲೆ ಒಂದು ದಿನ ಬೇಸ್‌ಬಾಲ್ ಕೂಡ ಬಂದು ಬಿತ್ತು.

ಉಡುಪಿ ಕಡೆಯ ಮೊದಲ ವೃತ್ತಿಪರ ಬೇಸ್‌ಬಾಲ್ ಆಟಗಾರ ಯಾರು ಎಂದು ಈವರೆಗೆ ಯಾರೂ ನನ್ನನ್ನು ಕೇಳಿಲ್ಲ. ಕೇಳಿದರೆ ಹೇಳಲು ತಯಾರಾಗಿದ್ದೇನೆ. ಅವರು ನಮ್ಮ ಕಂಪೆನಿಯ ಸ್ಟೋರ್‌ಕೀಪರ್. ಊರು ಕಟಪಾಡಿ. ತಂಡದ ಉಳಿದ ಎಂಟು ಮಂದಿ ಸಂತೋಷಕ್ಕಾಗಿ ಆಡಿದರು, ಇವರು ಪ್ರತಿಫಲಕ್ಕಾಗಿ ಆಡಿದರು. ವೃತ್ತಿಪರ ಎಂಬುದಕ್ಕೆ ಬೇರೆ ಅರ್ಥ ನನಗೆ ಗೊತ್ತಿಲ್ಲ.

೧. ಬರುತ್ತದೆ ಸಾರ್

ನಮ್ಮದು ಪೈಪು ಹಾಕುವ ಕಂಪೆನಿ. ಪಕ್ಕದ ಕ್ಯಾಂಪಿನವರದು ರಸ್ತೆ ಹಾಕುವ ಕಂಪೆನಿ. ಅವರು ಹಾಕಿದ ರಸ್ತೆಯನ್ನು ನಾವು ಅಗೆಯುತ್ತಿದ್ದೆವು. ಹಾಗಾಗಿ ವೈರಕ್ಕೆ ಬೇರೆ ಕಾರಣ ಬೇಕಿರಲಿಲ್ಲ. ಎರಡೂ ಕಡೆಯ ಮ್ಯಾನೇಜರುಗಳು ಅಮೆರಿಕದವರು. ಚಳಿಗಾಲ ಬಂತೆಂದರೆ ಪ್ರತಿ ಶುಕ್ರವಾರ ಅಲ್ ಹೈಲ್‌ನ ಹಿಂದಿನ ಕಲ್ಲುಮಣ್ಣಿನ ಬಯಲಿನಲ್ಲಿ ಬೇಸ್‌ಬಾಲ್ ಆಡಿ ಈ ವೈರವನ್ನು ತೀರಿಸಿಕೊಳ್ಳುತ್ತಿದ್ದರು. ತಂಡಕ್ಕೆ ಒಂಬತ್ತು ಮಂದಿ ಬೇಕು. ಆ ವರ್ಷ ನಮ್ಮಲ್ಲಿದ್ದ ಅಮೆರಿಕದವರು ಎಂಟೇ ಮಂದಿ. ಒಂಬತ್ತನೆಯವನಾದ ವೆಲ್ಡರ್ ಊರಿಗೆ ಹೋಗಿದ್ದ.

ಒಂದು ಬೆಳಿಗ್ಗೆ ಮ್ಯಾನೇಜರ್ ಸ್ಟೋರಿಗೆ ಬಂದಾಗ ನಮ್ಮ ಸ್ಟೋರ್‌ಕೀಪರ್ ಏಣಿಯ ಮೇಲಿದ್ದರು. ಕೆಳಗಿಳಿದು ಕೌಂಟರಿಗೆ ಬರುವುದೆಂದರೆ ಅವರಿಗೆ ಬೇಸರ. ಅಲ್ಲಿಂದಲೇ ಒಂದು ಪೈಪಿನ ಬೆಂಡನ್ನು ಎಸೆದರು. ಅದು ಮೂರು ರ‍್ಯಾಕು ದಾಟಿ ಬಾಗಿಲಾಚೆ ನಿಂತಿದ್ದ ಪ್ಲಂಬರನ ಅಂಗೈಗೆ ಹೋಗಿ ಕೂತಿತು. ಪ್ಲಂಬರ್ ತಲೆ ಕೂಡ ಎತ್ತಲಿಲ್ಲ. ರೂಢಿಯಾಗಿತ್ತು.

ಮ್ಯಾನೇಜರ್ ಬಾಗಿಲನ್ನೊಮ್ಮೆ, ಏಣಿಯನ್ನೊಮ್ಮೆ ನೋಡಿ, "ನಿನಗೆ ಬೇಸ್‌ಬಾಲ್ ಬರುತ್ತದಾ?" ಎಂದರು.

ಗಲ್ಫಿನಲ್ಲಿ ಮ್ಯಾನೇಜರ್ "ಬರುತ್ತದಾ" ಎಂದು ಕೇಳಿದರೆ ಉತ್ತರ ಒಂದೇ. ಅರಬಿ ಟೈಪಿಂಗ್ ಬರುತ್ತದಾ ಎಂದು ಕೇಳಿದಾಗ ನಾನೂ ಅದನ್ನೇ ಹೇಳಿ ಕೆಲಸಕ್ಕೆ ಸೇರಿದವನು.

"ಬರುತ್ತದೆ ಸಾರ್" ಎಂದರು ಸ್ಟೋರ್‌ಕೀಪರ್. ಮಧ್ಯಾಹ್ನ ನನ್ನ ಮೇಜಿಗೆ ಬಂದು ಕುರ್ಚಿ ಎಳೆದುಕೊಂಡು ಪಿಸುಗುಟ್ಟಿದರು. "ಮಾರಾಯ್ರೆ, ಬೇಸ್‌ಬಾಲ್ ಅಂದರೆ ಎಂತ?"

೨. ಕರಾರು

ಅವರು ಕಟಪಾಡಿಯ ಕ್ರಿಕೆಟ್ ತಂಡದಲ್ಲಿ ಬ್ಯಾಟು ಬೀಸಿದವರು. ಮದುವೆಯಾಗಿ ಒಂದು ವರ್ಷಕ್ಕೆ ಒಮಾನಿಗೆ ಬಂದರು. ಬಂದ ಮೇಲೆ ಮಗಳು ಹುಟ್ಟಿದಳು. ಅವರು ಆ ಮಗುವನ್ನು ನೋಡಿರಲಿಲ್ಲ. ಮಗುವಿಗೂ ಅವರು ಕ್ಯಾಸೆಟ್ಟಿನ ಮೂಲಕವಷ್ಟೇ ಪರಿಚಯ. ಆಗೆಲ್ಲ ಫೋನು ದುಬಾರಿ. ಕ್ಯಾಸೆಟ್ಟಿನಲ್ಲಿ ಮಾತಾಡಿ, ಊರಿಗೆ ಹೋಗುವವರ ಕೈಯಲ್ಲಿ ಕಳಿಸುವುದು ಕ್ರಮ. ಮನೆಯಲ್ಲಿ ಯಾರಾದರೂ "ಪಪ್ಪ ಎಲ್ಲಿ?" ಎಂದು ಕೇಳಿದರೆ ಮಗಳು ಟೇಪ್‌ರೆಕಾರ್ಡರನ್ನು ತೋರಿಸುತ್ತಾಳೆಂದು ಹೆಂಡತಿ ತಿಳಿಸಿದ್ದರು.

ಕುಟುಂಬವನ್ನು ಕರೆಸಿಕೊಳ್ಳಲು ನಮ್ಮ ಕಂಪೆನಿಯಲ್ಲಿ ಸೂಪರ್‌ವೈಸರ್ ಆಗಿರಬೇಕಿತ್ತು. ಸ್ಟೋರ್‌ಕೀಪರ್ ಅದಕ್ಕಿಂತ ಒಂದು ಮೆಟ್ಟಲು ಕೆಳಗೆ. ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗಲು ಸಿಗುವ ಅವರ ರಜೆಯೂ ಸರಿಯಾಗಿ ಬೇಸ್‌ಬಾಲ್ ಸೀಸನ್ನಿನಲ್ಲೇ ಬಂದಿತ್ತು. ಮ್ಯಾನೇಜರ್ ನಮ್ಮಿಬ್ಬರನ್ನೂ ಕರೆದು ಅವರಿಗೆ ಹೇಳಿದರು. "ರಜೆ ಮುಂದೆ ಹಾಕು. ನಮಗೆ ಆಡು. ಕಪ್ಪು ಗೆದ್ದರೆ ನೀನು ಸ್ಟೋರ್ ಸೂಪರ್‌ವೈಸರ್. ಕುಟುಂಬ ಇಲ್ಲಿಗೇ ಬರುತ್ತದೆ."

"ಸೋತರೆ?" ಎಂದು ಕೇಳಿದೆ ನಾನು. ಪರ್ಸನಲ್ ವಿಭಾಗದವರು ಕೇಳಲೇಬೇಕಾದ ಪ್ರಶ್ನೆ ಅದು.

"ಸೋತರೆ ಮುಂದಿನ ವರ್ಷ ರಜೆ."

ಸ್ಟೋರ್‌ಕೀಪರ್ ಒಪ್ಪಿಕೊಂಡರು. ಈ ಸುದ್ದಿ ಹೊತ್ತ ಕ್ಯಾಸೆಟ್ಟು ಕಟಪಾಡಿಗೆ ಹೋಗಿ, ಮೂರು ವಾರದ ಮೇಲೆ ಉತ್ತರ ಬಂತು. ಸ್ಟೋರ್‌ಕೀಪರ್ ಸೇರಿ ನಾವು ನಾಲ್ವರು ಒಂದೇ ಕೋಣೆಯಲ್ಲಿದ್ದುದರಿಂದ ಉತ್ತರವನ್ನು ನಾಲ್ವರೂ ಕೇಳಿದೆವು. ಹೆಂಡತಿ ತುಂಬ ಸಮಾಧಾನದಿಂದ ಮಾತಾಡಿದ್ದರು. "ಆಡಿ, ಬೇಡ ಅನ್ನುವುದಿಲ್ಲ. ಆದರೆ ಮದುವೆಗೆ ಮೊದಲು ನನ್ನ ಅಪ್ಪ ನಿಮ್ಮನ್ನು ಬೇಡ ಅಂದದ್ದೇ ನೀವು ಆಡುತ್ತೀರಿ ಅಂತ. ಈಗ ರಜೆ ಬಿಟ್ಟು ಆಡುತ್ತೀರಿ ಅಂತ ನಾನು ಅವರಿಗೆ ಹೇಳುವುದು ಹೇಗೆ? ಓವರ್‌ಟೈಮ್ ಅಂತ ಹೇಳಿದ್ದೇನೆ. ಯಾರಾದರೂ ಕೇಳಿದರೆ ನೀವೂ ಹಾಗೇ ಹೇಳಿ."

ಅಂದಿನಿಂದ ನಮ್ಮ ಕೋಣೆಯಲ್ಲಿ ಬೇಸ್‌ಬಾಲ್‌ಗೆ ಓವರ್‌ಟೈಮ್ ಎಂದೇ ಹೆಸರಾಯಿತು.

೩. ಎರಡು ರನ್ನು

ಆಟ ಬಹಳ ಸರಳ. ನಾಲ್ಕು ಮೂಲೆಗೆ ನಾಲ್ಕು ಗುರುತು. ಒಂದು ಮೂಲೆಯಲ್ಲಿ ನಿಂತು ಚೆಂಡನ್ನು ಹೊಡೆಯಬೇಕು, ಬ್ಯಾಟನ್ನು ಅಲ್ಲೇ ಎಸೆದು ಉಳಿದ ಮೂರು ಮೂಲೆ ಸುತ್ತಿ ಹೊರಟಲ್ಲಿಗೇ ಬರಬೇಕು. ಬಂದರೆ ಒಂದು ರನ್ನು. ನಡುವಿನ ಮೂಲೆಗಳಲ್ಲಿ ನಿಂತು ಕಾಯಬಹುದು, ಆದರೆ ಓಡುವಾಗ ಚೆಂಡು ಮೂಲೆಗೆ ಮೊದಲೇ ಬಂದರೆ ಅಥವಾ ಮೈಗೆ ಮುಟ್ಟಿಸಿದರೆ ಔಟ್. ಇದನ್ನು ನಾನು ಮ್ಯಾನೇಜರ್ ಕೊಟ್ಟ ನಿಯಮದ ಪುಸ್ತಕದಲ್ಲಿ ಓದಿ, ತುಳುವಿನಲ್ಲಿ ಸ್ಟೋರ್‌ಕೀಪರರಿಗೆ ಎರಡು ಸಲ ವಿವರಿಸಿದೆ. ಅವರು ಎರಡು ಸಲವೂ "ಗೊತ್ತಾಯಿತು" ಎಂದರು.

ಮೊದಲ ಪಂದ್ಯದಲ್ಲಿ ಅವರು ಹೊಡೆದ ಚೆಂಡು ಗದ್ದೆ ದಾಟುವ ಕೊಕ್ಕರೆಯ ಹಾಗೆ ನೀಟಾಗಿ ಹೋಯಿತು. ಅಮೆರಿಕದವರು ಎದ್ದು ನಿಂತು ಕೇಕೆ ಹಾಕಿದರು. ಸ್ಟೋರ್‌ಕೀಪರ್ ಬ್ಯಾಟು ಹಿಡಿದುಕೊಂಡೇ ಓಡಿ, ಮೊದಲ ಮೂಲೆಯಲ್ಲಿ ಗುರುತಿಗಿಟ್ಟ ಚೀಲಕ್ಕೆ ಬ್ಯಾಟಿನ ತುದಿ ಮುಟ್ಟಿಸಿ, ತಿರುಗಿ ಅದೇ ದಾರಿಯಲ್ಲಿ ವಾಪಸು ಬಂದು, ಹೊರಟ ಜಾಗಕ್ಕೆ ಬ್ಯಾಟು ಮುಟ್ಟಿಸಿ ನಿಂತರು. ಮುಖದಲ್ಲಿ ತೃಪ್ತಿ ಇತ್ತು.

ಚೆಂಡು ಕೈಯಲ್ಲಿದ್ದ ರಸ್ತೆ ಕಂಪೆನಿಯವನಿಗೆ ಅದನ್ನು ಯಾರ ಕಡೆ ಎಸೆಯಬೇಕೆಂದೇ ತಿಳಿಯಲಿಲ್ಲ.

ಮ್ಯಾನೇಜರ್ ನನ್ನನ್ನು ನೋಡಿದರು. ನಾನು ಸ್ಟೋರ್‌ಕೀಪರರನ್ನು ನೋಡಿದೆ.

"ಎರಡು ರನ್ನು" ಎಂದರು ಅವರು ನನಗೆ ಸಮಾಧಾನ ಹೇಳುವಂತೆ. "ಮೂರನೆಯದು ರಿಸ್ಕ್ ಇತ್ತು."

೪. ಬರಿಗೈ

ತಿರುಗಿ ಬರುವ ಅಭ್ಯಾಸವನ್ನು ಎರಡು ವಾರದಲ್ಲಿ ಬಿಡಿಸಿದೆವು. ಬ್ಯಾಟನ್ನು ಬಿಡಿಸುವುದು ಆಗಲಿಲ್ಲ. ಎಸೆಯಿರಿ ಎಂದರೆ ಎಸೆಯುತ್ತಿದ್ದರು. ಆದರೆ ಎಸೆದ ಮೇಲೆ ಕಾಲು ಏಳುತ್ತಿರಲಿಲ್ಲ. ನಾಲ್ಕು ಹೆಜ್ಜೆ ಹೋಗಿ, ಏನೋ ಮರೆತವರಂತೆ ಹಿಂದೆ ನೋಡಿ ನಿಲ್ಲುತ್ತಿದ್ದರು.

"ನಿಮಗೆ ಎಂತ ಆಗುವುದು?" ಎಂದು ಕೇಳಿದೆ.

"ಕೈಯಲ್ಲಿ ಏನೂ ಇಲ್ಲದೆ ಓಡುವುದು ಹೇಗೆ ಮಾರಾಯ್ರೆ? ನೋಡಿದವರು ಎಂತ ತಿಳಿದುಕೊಳ್ಳುವುದು? ಒಂದೋ ನಾಯಿ ಅಟ್ಟಿಸಿದೆ, ಇಲ್ಲವೇ ಕದ್ದದ್ದು ಎಲ್ಲೋ ಬಿದ್ದುಹೋಗಿದೆ."

ನಾನು ನಿಯಮದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಬ್ಯಾಟು ಹಿಡಿದು ಓಡಬಾರದು ಎಂದು ಎಲ್ಲಿಯೂ ಕಾಣಲಿಲ್ಲ. ಬ್ಯಾಟು ಹಿಡಿದು ಓಡುವವರು ಇರಬಹುದು ಎಂಬ ಕಲ್ಪನೆಯೇ ಬರೆದವರಿಗೆ ಇರಲಿಲ್ಲ. ಮ್ಯಾನೇಜರಿಗೆ ಪುಸ್ತಕ ತೋರಿಸಿದೆ. ಅವರು ಹಣೆ ಒತ್ತಿಕೊಂಡು, "ಓಡಲಿ. ಬೇಕಾದರೆ ರ‍್ಯಾಕನ್ನೂ ಹೊತ್ತುಕೊಂಡು ಓಡಲಿ" ಎಂದರು.

ಇದಕ್ಕೆ ಬಲವಾಗಿ ಬೆಂಬಲ ಕೊಟ್ಟವರು ಅಂಪೈರ್ ಒಬ್ಬರೇ. ಅವರು ಇಂಗ್ಲೆಂಡಿನ ಸರ್ವೆಯರ್. ಅಮೆರಿಕದವರಲ್ಲ ಎಂಬ ಒಂದೇ ಕಾರಣಕ್ಕೆ ಎರಡೂ ಕಂಪೆನಿಗಳು ಅವರನ್ನು ನಿಷ್ಪಕ್ಷಪಾತಿ ಎಂದು ಒಪ್ಪಿಕೊಂಡಿದ್ದವು. ಗುರುವಾರ ಕ್ರಿಕೆಟ್ ಅಂಪೈರಿಂಗ್, ಶುಕ್ರವಾರ ಬೇಸ್‌ಬಾಲ್. ಎರಡೂ ದಿನಕ್ಕೆ ಒಂದೇ ಬಿಳಿ ಟೋಪಿ. ನಮ್ಮ ಸ್ಟೋರ್‌ಕೀಪರ್ ಚೆಂಡು ಯಾರ ಕಾಲಿಗೆ ತಾಗಿದರೂ ಎರಡು ಕೈ ಎತ್ತಿ "ಹೌಝ್ಯಾಟ್!" ಎಂದು ಕೂಗುತ್ತಿದ್ದರು. ಒಂದು ಶುಕ್ರವಾರ ಅಂಪೈರ್ ಯೋಚಿಸದೆ ಬೆರಳೆತ್ತಿಬಿಟ್ಟರು. ರಸ್ತೆ ಕಂಪೆನಿಯವನೊಬ್ಬ ತನಗೆ ಏನಾಯಿತೆಂದು ತಿಳಿಯದೆಯೇ ಟೆಂಟಿಗೆ ಹೋಗಿ ಕೂತ.

೫. ಉಂತು, ಬಲಿಪು

ಮೂರನೆಯ ಮೂಲೆಯ ಬಳಿ ಒಬ್ಬ ಹೊರಗೆ ನಿಂತು, ಓಡುವವನಿಗೆ ಓಡು, ನಿಲ್ಲು ಎಂದು ಸೂಚನೆ ಕೊಡಬೇಕು. ಅಮೆರಿಕದವರು ಇದಕ್ಕೆ ಮೂಗು, ಕಿವಿ, ಸೊಂಟದ ಬೆಲ್ಟು ಮುಟ್ಟಿ ಗುಪ್ತ ಸನ್ನೆ ಮಾಡುತ್ತಿದ್ದರು. ಸ್ಟೋರ್‌ಕೀಪರರಿಗೆ ಆ ಸನ್ನೆ ಕಂಡು, ಪಾಪ ಇವರಿಗೆ ಚಳಿಗಾಲದಲ್ಲೂ ಬೆವರುಸಾಲೆ ಎಂಬ ಅನುಕಂಪ ಹುಟ್ಟಿತ್ತು. ಕೊನೆಗೆ ಆ ಕೆಲಸಕ್ಕೆ ನನ್ನನ್ನೇ ಹಾಕಿದರು. ನಮ್ಮ ಗುಪ್ತ ಭಾಷೆ ತುಳು. "ಉಂತು" ಎಂದರೆ ನಿಲ್ಲು. "ಬಲಿಪು" ಎಂದರೆ ಓಡು. ಬಹುವಚನ ಕೊಡುವಷ್ಟು ಸಮಯ ಆ ಆಟದಲ್ಲಿ ಇರುವುದಿಲ್ಲ.

ಒಂದು ಪಂದ್ಯದಲ್ಲಿ ಸ್ಟೋರ್‌ಕೀಪರ್ ಸ್ವಂತ ಬುದ್ಧಿಯಿಂದ ಓಡಿ ಔಟಾದರು. ಮ್ಯಾನೇಜರ್ ಕೂಗಾಡಿದರು. "ಇನ್ನು ಮುಂದೆ ಇವನು ಹೇಳುವ ತನಕ ಕದಲಬೇಡ. ಭೂಮಿ ಬಿರಿದರೂ ಕದಲಬೇಡ!"

ಮುಂದಿನ ಶುಕ್ರವಾರ ಅವರು ಮೂರನೆಯ ಮೂಲೆಗೆ ಬಂದು ಮುಟ್ಟಿದರು. ನಾನು "ಉಂತು" ಎಂದೆ. ಅಷ್ಟರಲ್ಲಿ ಆಚೆ ಮತ್ತೊಬ್ಬ ಔಟಾಗಿ ಪಂದ್ಯ ಮುಗಿಯಿತು. ಬಾಯಿ ಒಣಗಿತ್ತು, ನಾನು ನೀರು ಕುಡಿಯಲು ಹೋದೆ. ಸಾಮಾನು ಕಟ್ಟಿದೆವು, ಟೆಂಟು ಬಿಚ್ಚಿದೆವು, ಪಿಕಪ್ ಹತ್ತಿದೆವು. ತಲೆ ಎಣಿಸಿದರೆ ಒಂದು ಕಡಿಮೆ. ತಿರುಗಿ ನೋಡಿದರೆ, ಖಾಲಿ ಬಯಲಿನ ಆಚೆ ಮೂಲೆಯಲ್ಲಿ, ಬ್ಯಾಟು ಹಿಡಿದುಕೊಂಡು, ಚೀಲದ ಮೇಲೆ ಒಂದು ಕಾಲಿಟ್ಟು ನಿಂತಿದ್ದಾರೆ.

"ನೀವು ಹೇಳಲೇ ಇಲ್ಲವಲ್ಲ!" ಎಂದು ಅಲ್ಲಿಂದಲೇ ಕೂಗಿದರು.

"ಬಲಿಪು!" ಎಂದೆ. ಬಂದರು. ಬರುವಾಗ ದಾರಿಯಲ್ಲಿ ಹೊರಟ ಮೂಲೆಯನ್ನೂ ಮುಟ್ಟಿಯೇ ಬಂದರು.

೬. ಆಡಿನ ಯಜಮಾನರು

ಮೂಲೆಗಳ ಗುರುತಿಗೆ ನಾವು ಮರಳು ತುಂಬಿದ ಗೋಣಿಚೀಲ ಇಡುತ್ತಿದ್ದೆವು. ಎರಡನೆಯ ಮೂಲೆಯದು ಸಹಮ್ ಕಡೆಯ ತೋಟದಿಂದ ಖರ್ಜೂರ ತುಂಬಿ ಬಂದಿದ್ದ ಚೀಲ. ಅದರ ವಾಸನೆಗೆ ಒಂದು ಶುಕ್ರವಾರ ಆಡೊಂದು ಬಂದು ಚೀಲದ ಮೇಲೆ ನಿಂತುಬಿಟ್ಟಿತು. ಅದೇ ಹೊತ್ತಿಗೆ ಸ್ಟೋರ್‌ಕೀಪರ್ ಅಲ್ಲಿಗೆ ಓಡಿ ತಲುಪಿ, ಜಾಗ ಸಾಲದೆ ಆಡನ್ನು ಒಂದು ಕೈಯಲ್ಲಿ ತಬ್ಬಿಕೊಂಡು ನಿಂತರು. ರಸ್ತೆ ಕಂಪೆನಿಯವನು ಅವರಿಗೆ ಮುಟ್ಟಿಸಬೇಕಾದ ಚೆಂಡನ್ನು ಗಡಿಬಿಡಿಯಲ್ಲಿ ಆಡಿಗೆ ಮುಟ್ಟಿಸಿದ. ಅಂಪೈರ್ ಟೋಪಿ ತೆಗೆದು ತಲೆ ಕೆರೆದುಕೊಂಡು, "ಆಡು ಔಟ್" ಎಂದರು.

ಆಡಿನ ಯಜಮಾನರು ಹತ್ತಿರದ ಮನೆಯ ಒಮಾನಿ ಮುದುಕರು. ಹರೆಯದಲ್ಲಿ ಹಡಗಿನಲ್ಲಿ ಮುಂಬಯಿಗೆ ಹೋಗಿ ಬಂದವರಾದ್ದರಿಂದ ಹಿಂದಿ ಬರುತ್ತಿತ್ತು. ಆಡನ್ನು ಕರೆದೊಯ್ಯಲು ಬಂದವರು ಕೋಲೂರಿ ಕೂತು ಆಟ ಪೂರ್ತಿ ನೋಡಿದರು. ಮುಗಿದ ಮೇಲೆ ನನ್ನನ್ನು ಕರೆದು ಹಿಂದಿಯಲ್ಲಿ ವಿಚಾರಿಸಿದರು. ಅಲ್ಲಿ ರಫೀಕ್ ಎಂದರೆ ಗೆಳೆಯ.

"ರಫೀಕ್, ನಿನ್ನ ಮನುಷ್ಯ ಅಷ್ಟು ಜೋರಾಗಿ ಓಡಿ ಎಲ್ಲಿಗೆ ಹೋದ?"

"ಹೊರಟಲ್ಲಿಗೇ, ಚಾಚಾ."

"ಅಲ್ಲೇ ನಿಂತಿದ್ದರೆ ಆಗುತ್ತಿರಲಿಲ್ಲವಾ?"

ಸ್ಟೋರ್‌ಕೀಪರರ ಹೆಂಡತಿ ಮಗು ಬರುವುದು ಇದರ ಮೇಲೆ ನಿಂತಿದೆ ಎಂದು ನಾನು ವಿವರಿಸಿದೆ. ಮುದುಕರು ಬಹಳ ಹೊತ್ತು ಗಡ್ಡ ನೀವಿಕೊಂಡರು. "ಹಾಗಾದರೆ ಓಡಲಿ" ಎಂದರು. ಮುಂದಿನ ವಾರದಿಂದ ಪ್ರತಿ ಪಂದ್ಯಕ್ಕೂ ಒಂದು ಫ್ಲಾಸ್ಕ್ ಕಾವಾ ಎಂಬ ಅರಬಿ ಕಾಫಿ ಹಿಡಿದು ಬಂದು, ನನಗಿಂತ ಮೊದಲೇ "ಬಲಿಪು, ಬಲಿಪು!" ಎಂದು ಕೂಗತೊಡಗಿದರು. ಅಲ್ ಹೈಲ್‌ನಲ್ಲಿ ತುಳು ಹೀಗೆ ಬೆಳೆಯಿತು.

೭. ಮನುಷ್ಯನ ಭಾಗ

ನಮ್ಮ ಗುಪ್ತ ಭಾಷೆಯಿಂದ ಎರಡು ಪಂದ್ಯ ಸೋತ ರಸ್ತೆ ಕಂಪೆನಿಯವರು ಫೈನಲಿಗೆ ದುಭಾಷಿಯನ್ನು ಕರೆತಂದರು. ಅವರ ಮೆಸ್ಸಿನ ಅಡುಗೆಯವರು. ಮೂಲ್ಕಿಯವರು. ತಲೆಗೆ ಕಂಪೆನಿಯ ಟೋಪಿ ಹಾಕಿಸಿ, ತಮ್ಮ ಮ್ಯಾನೇಜರಿನ ಪಕ್ಕದಲ್ಲೇ ಕೂರಿಸಿದ್ದರು. ಸ್ಟೋರ್‌ಕೀಪರರ ಮುಖ ಬಿಳುಚಿತು. "ಮುಗಿಯಿತು ಮಾರಾಯ್ರೆ. ಖಲಾಸ್" ಎಂದರು.

ಆಟ ಕೊನೆಯವರೆಗೂ ಸಮಸಮವಾಗಿ ಬಂತು. ಒಂದು ರನ್ನು ಬಂದರೆ ಕಪ್ಪು ನಮ್ಮದು. ಸ್ಟೋರ್‌ಕೀಪರ್ ಮೂರನೆಯ ಮೂಲೆಯಲ್ಲಿ, ಬ್ಯಾಟು ಹಿಡಿದು, ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದಾರೆ. ಅಲ್ಲಿಂದ ಹೊರಟ ಮೂಲೆಗೆ ಮೂವತ್ತು ಹೆಜ್ಜೆ ಇರಬಹುದು. ನನಗೆ ಮಾತ್ರ ಅದು ಕಟಪಾಡಿಯಷ್ಟು ದೂರ ಕಂಡಿತು. ನಮ್ಮ ಮ್ಯಾನೇಜರೇ ಬ್ಯಾಟು ಹಿಡಿದಿದ್ದರು. ಅವರು ಹೊಡೆದ ಚೆಂಡು ನೆಲ ಕಚ್ಚಿಕೊಂಡು ಮೆಲ್ಲನೆ ಉರುಳಿತು.

"ಬಲಿಪು!" ಎಂದೆ.

"ಏನಂದ?" ಎಂದು ರಸ್ತೆ ಕಂಪೆನಿಯ ಮ್ಯಾನೇಜರ್ ಅಡುಗೆಯವರನ್ನು ಕೇಳಿದರು.

ಮೂಲ್ಕಿಯವರು ನಮ್ಮ ಸ್ಟೋರ್‌ಕೀಪರರನ್ನು ಒಮ್ಮೆ ನೋಡಿದರು. ಅಲ್ ಹೈಲ್‌ನಿಂದ ರೂವಿಯವರೆಗೆ ಕರಾವಳಿಯ ಕಡೆಯವರಿಗೆಲ್ಲ ಆ ಕುಟುಂಬ ವೀಸಾದ ವಿಷಯ ಗೊತ್ತಿತ್ತು. ಅವರು ನಿಧಾನವಾಗಿ ಹೇಳಿದರು. "ನಿಲ್ಲು ಅಂದ, ಸಾರ್."

"ಅವನು ಓಡುವುದಿಲ್ಲ! ಚೆಂಡನ್ನು ಮೊದಲ ಮೂಲೆಗೆ ಎಸೆಯಿರಿ!" ಎಂದು ಆ ಮ್ಯಾನೇಜರ್ ಕೂಗಿದರು. ಎಸೆದರು. ನಮ್ಮ ಮ್ಯಾನೇಜರ್ ಔಟ್. ಅಷ್ಟರಲ್ಲಿ ಸ್ಟೋರ್‌ಕೀಪರ್ ಅರ್ಧ ದಾರಿ ಬಂದಾಗಿತ್ತು. ಚೆಂಡು ತಿರುಗಿ ಬಂತು. ಅವರು ಕಲ್ಲುಮಣ್ಣಿನ ಮೇಲೆ ಹೊಟ್ಟೆ ಹಾಕಿ ಜಾರಿದರು. ಮೊದಲು ಬ್ಯಾಟಿನ ತುದಿ ಗುರುತನ್ನು ಮುಟ್ಟಿತು, ಆಮೇಲೆ ಚೆಂಡು ಅವರ ಹೆಗಲನ್ನು ಮುಟ್ಟಿತು. ಅವರ ಕೈ ಗುರುತಿನಿಂದ ಇನ್ನೂ ಒಂದು ಬ್ಯಾಟಿನಷ್ಟು ಹಿಂದಿತ್ತು.

ಎಲ್ಲರೂ ಅಂಪೈರ್ ಕಡೆ ನೋಡಿದರು. ಅಂಪೈರ್ ಬ್ಯಾಟನ್ನು ನೋಡಿ, ಗುರುತನ್ನು ನೋಡಿ, "ನಾಟ್ ಔಟ್" ಎಂದರು.

ರಸ್ತೆ ಕಂಪೆನಿಯ ಮ್ಯಾನೇಜರ್ ಓಡಿ ಬಂದರು. "ಮುಟ್ಟಿದ್ದು ಬ್ಯಾಟು! ಮನುಷ್ಯ ಅಲ್ಲ!"

"ಮಹಾಶಯರೇ, ನಮ್ಮ ದೇಶದಲ್ಲಿ ಬ್ಯಾಟು ಮನುಷ್ಯನದೇ ಭಾಗ" ಎಂದರು ಅಂಪೈರ್.

"ಇದು ನಿಮ್ಮ ದೇಶ ಅಲ್ಲ!"

"ನಿಮ್ಮದೂ ಅಲ್ಲ" ಎಂದು ಅಂಪೈರ್ ಟೋಪಿ ಸರಿಪಡಿಸಿಕೊಂಡರು. ನಾನು ನಿಯಮದ ಪುಸ್ತಕ ತೆರೆದು, ಅಂಪೈರ್ ತೀರ್ಮಾನವೇ ಅಂತಿಮ ಎಂಬ ಸಾಲನ್ನು ತೋರಿಸಿದೆ. ಆ ದೇಶ ಯಾರದೋ ಆ ಮುದುಕರು ಅಷ್ಟರಲ್ಲಿ ಸ್ಟೋರ್‌ಕೀಪರರನ್ನು ಎಬ್ಬಿಸಿ, ಮಣ್ಣು ಕೊಡವಿ, ಕಾವಾ ಕುಡಿಸುತ್ತಿದ್ದರು.

ಮೊಣಕೈ ಎರಡೂ ಕಿತ್ತುಹೋಗಿದ್ದ ಸ್ಟೋರ್‌ಕೀಪರ್ ಮೂಲ್ಕಿಯವರ ಹತ್ತಿರ ಹೋಗಿ ನಿಂತರು. ಮೂಲ್ಕಿಯವರೇ ಹೇಳಿದರು. "ಪರವಾಗಿಲ್ಲ. ಇವರಿಗೆ ಮೀನುಸಾರು ಮಾಡಿ ಹಾಕಿದರೆ ನಾಳೆಗೆ ಮರೆಯುತ್ತಾರೆ. ಆದರೆ ನಿಮ್ಮ ಮನೆಯವರು ಬಂದ ಮೇಲೆ ನನ್ನನ್ನು ಒಂದು ಊಟಕ್ಕೆ ಕರೆಯಬೇಕು. ನಾನು ಮಾಡಿದ್ದನ್ನು ನಾನೇ ತಿಂದು ನಾಲ್ಕು ವರ್ಷ ಆಯಿತು."

೮. ಗೆರೆ

ಬಡ್ತಿಯ ಕಾಗದವನ್ನು ನಾನೇ ಟೈಪು ಮಾಡಿದೆ. ಕಾರಣ ಎಂಬ ಜಾಗದಲ್ಲಿ ಮ್ಯಾನೇಜರ್ ಹೇಳಿದಂತೆ "ಒತ್ತಡದಲ್ಲಿ ಉತ್ತಮ ನಿರ್ವಹಣೆ" ಎಂದು ಹಾಕಿದೆ. ಎರಡು ತಿಂಗಳಲ್ಲಿ ವೀಸಾ ಬಂತು. ಮುಂಬಯಿಯಿಂದ ಬರುವ ವಿಮಾನ ಮಧ್ಯಾಹ್ನಕ್ಕೆ. ಸ್ಟೋರ್‌ಕೀಪರ್ ಬೆಳಿಗ್ಗೆಯಿಂದ ಎರಡು ಸಲ ಸ್ನಾನ ಮಾಡಿದ್ದರು. ಕಂಪೆನಿಯ ಪಿಕಪ್ಪಿನಲ್ಲಿ ನಾವಿಬ್ಬರೂ ಏರ್‌ಪೋರ್ಟಿಗೆ ಹೋದೆವು.

ಬಾಗಿಲ ಎದುರು ನೆಲದಲ್ಲಿ ಒಂದು ಹಳದಿ ಗೆರೆ. ಅದನ್ನು ದಾಟಬಾರದೆಂದು ಪೊಲೀಸಿನವರು ಹೇಳಿದರು. ಸ್ಟೋರ್‌ಕೀಪರ್ ಗೆರೆಯ ಮೇಲೆ ಒಂದು ಕಾಲಿಟ್ಟು, ಮೊಣಕಾಲು ಸ್ವಲ್ಪ ಬಗ್ಗಿಸಿ ನಿಂತರು. ಅವರ ಪಕ್ಕದಲ್ಲಿ ಒಬ್ಬ ಹೋಟೆಲಿನ ಡ್ರೈವರ್. ಅವನ ಕೈಯಲ್ಲಿ ಕೋಲಿಗೆ ಮೊಳೆ ಹೊಡೆದ ಬೋರ್ಡು, ಅದರ ಮೇಲೆ ಯಾರೋ ಜರ್ಮನ್ ಮಹಾಶಯರ ಉದ್ದನೆಯ ಹೆಸರು.

ಬಾಗಿಲು ತೆರೆಯಿತು. ಸ್ಟೋರ್‌ಕೀಪರರ ಹೆಂಡತಿ ಟ್ರಾಲಿ ತಳ್ಳಿಕೊಂಡು ಬಂದರು. ಟ್ರಾಲಿಯ ಮೇಲೆ, ಗಂಟುಗಳ ನಡುವೆ, ಎರಡು ವರ್ಷದ ಮಗಳು ಟೇಪ್‌ರೆಕಾರ್ಡರನ್ನು ತಬ್ಬಿಕೊಂಡು ಕೂತಿದ್ದಳು. ಪಪ್ಪನನ್ನು ಊರಿನಲ್ಲಿ ಬಿಟ್ಟು ಬರಲು ಒಪ್ಪಿರಲಿಲ್ಲವಂತೆ.

ಸ್ಟೋರ್‌ಕೀಪರ್ ಕದಲಲಿಲ್ಲ. ಮೈ ಮುಂದಕ್ಕೆ ಬಾಗಿದೆ, ಕಾಲು ಮಾತ್ರ ಗೆರೆಯ ಮೇಲೆ. ತಿರುಗಿ ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ.

ಪೊಲೀಸಿನವರು ಆಚೆ ತಿರುಗಿದ್ದರು.

"ಬಲಿಪು" ಎಂದೆ.

ಎರಡು ಹೆಜ್ಜೆ ಓಡಿದರು. ಅಲ್ಲಿಗೆ ನಿಂತು ತಮ್ಮ ಬರಿಗೈಗಳನ್ನು ನೋಡಿಕೊಂಡರು. ಮರುಕ್ಷಣ ಹಿಂದೆ ಬಂದು ಡ್ರೈವರಿನ ಕೈಯಿಂದ ಬೋರ್ಡನ್ನು ಕಿತ್ತುಕೊಂಡು, ಬಾಣ ಬಿಟ್ಟಂತೆ ಹೋದರು. ಅವರ ಹಿಂದೆ ಡ್ರೈವರ್. ಡ್ರೈವರಿನ ಹಿಂದೆ ಸೀಟಿ ಊದುತ್ತ ಪೊಲೀಸಿನವರು. ಬಾಗಿಲಿನಿಂದ ಆಗಷ್ಟೇ ಹೊರಬಂದ ಜರ್ಮನ್ ಮಹಾಶಯರು ತಮ್ಮ ಹೆಸರು ತಮ್ಮನ್ನು ಬಿಟ್ಟು ಓಡುತ್ತಿರುವುದನ್ನು ಕಂಡು, ಪೆಟ್ಟಿಗೆ ಎಳೆದುಕೊಂಡು ಅದರ ಬೆನ್ನು ಹತ್ತಿದರು.

ಸ್ಟೋರ್‌ಕೀಪರ್ ಟ್ರಾಲಿಯ ಎದುರು ಬಂದು, ಹೆಂಡತಿಯ ಚಪ್ಪಲಿಯ ಪಕ್ಕದಲ್ಲಿ ಬೋರ್ಡಿನ ಕೋಲನ್ನು ನೆಲಕ್ಕೆ ಮುಟ್ಟಿಸಿ ನಿಂತರು.

ಹೆಂಡತಿ ಗಂಡನನ್ನು ನೋಡಿದರು. ಬೋರ್ಡನ್ನು ನೋಡಿದರು. ಒಂದೊಂದೇ ಅಕ್ಷರ ಕೂಡಿಸಿ ಓದಿದರು.

"ಹೆಸರೂ ಬದಲಾಯಿಸಿದಿರಾ?"

"ಅಲ್ಲ ಮಾರಾಯ್ತಿ, ಓಡುವಾಗ ಕೈಯಲ್ಲಿ ಏನಾದರೂ ಬೇಕಲ್ಲ..."

ಆ ಧ್ವನಿ ಕೇಳಿದ್ದೇ ಮಗಳು ತಟ್ಟನೆ ಟೇಪ್‌ರೆಕಾರ್ಡರಿನ ಕಡೆ ನೋಡಿದಳು. ಗುಂಡಿ ಒತ್ತಿರಲಿಲ್ಲ. ತಲೆ ಎತ್ತಿ ಬೋರ್ಡು ಹಿಡಿದ ಮನುಷ್ಯನನ್ನು ನೋಡಿದಳು. ಮತ್ತೆ ಟೇಪ್‌ರೆಕಾರ್ಡರನ್ನು ನೋಡಿದಳು.

ಹೆಂಡತಿ ಮಗುವನ್ನು ಟ್ರಾಲಿಯಿಂದ ಎತ್ತಿದರು. "ಕೈಯಲ್ಲಿ ಏನಾದರೂ ಬೇಕಾದರೆ ಇವಳನ್ನು ಹಿಡಿದುಕೊಳ್ಳಿ. ಅದು ಯಾರದೋ ಅವರಿಗೆ ಕೊಡಿ."

ಬೋರ್ಡು ನೆಲಕ್ಕೆ ಬಿತ್ತು. ಇಡೀ ಒಂದು ಸೀಸನ್ ಮ್ಯಾನೇಜರ್ ಅರಚಿಕೊಂಡರೂ ಆಗದ ಕೆಲಸ ಅದು. ಗೆರೆ ದಾಟಿದವರಲ್ಲಿ ಮೊದಲು ಕೈಗೆ ಸಿಕ್ಕಿದ ಡ್ರೈವರನ್ನು ಪೊಲೀಸಿನವರು ಆಗಲೇ ವಿಚಾರಣೆಗೆ ಕರೆದೊಯ್ದಿದ್ದರು. ಜರ್ಮನ್ ಮಹಾಶಯರು ಅತ್ತಿತ್ತ ನೋಡಿ, ಬೋರ್ಡನ್ನು ಎತ್ತಿಕೊಂಡು, ಹಳದಿ ಗೆರೆಯ ಮೇಲೆ ಹೋಗಿ ನಿಂತು, ತಮ್ಮ ಹೆಸರನ್ನು ತಾವೇ ಎತ್ತಿ ಹಿಡಿದು ಕಾಯತೊಡಗಿದರು.